ಬಿಸಿಲಿಗೆ ಮೈಯೊಡ್ಡುವ ಆಮೆ

ತರಗತಿ: 5ರಿಂದ 7
ವಿಷಯ: ಪರಿಸರ ಅಧ್ಯಯನ ಮತ್ತು ಕನ್ನಡ
ಅವಧಿ: ಎರಡು ಪಾಠಗಳು

ಪೀಠಿಕೆ

ಕೆಲವು ವರ್ಷಗಳ ಹಿಂದೆ ಕಾಸರಗೋಡು ಸೀಮೆಯ ಕನ್ನಡ ಶಾಲೆಯೊಂದಕ್ಕೆ ಪಾಠ ವೀಕ್ಷಣೆಗೆಂದು ಹೋಗಿದ್ದೆ. ಪ್ರಾಣಿಗಳ ವಾಸಸ್ಥಾನದ ಪಾಠ ನಡೆಯುತ್ತಿತ್ತು. ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಟೀಚರ್, ನಮ್ಮ ಮನೆಯ ಆಮೆ ನೀರಿನಲ್ಲಿಯೇ ಇದೆ. ಆದರೂ ಹಗಲೆಲ್ಲ ಗಾಜನ್ನು ಕೆರೆಯುತ್ತದೆ. ಅದಕ್ಕೆ ಏನು ಬೇಕು?” ಎಂದು ಕೇಳಿದಳು. ಶಿಕ್ಷಕಿ ನನ್ನತ್ತ ನೋಡಿದರು. “ಹತ್ತಿರದ ಕೆರೆಗೆ ಬಿಟ್ಟುಬಿಡು ಮಗು, ಅದೇ ಅದರ ಮನೆ” ಎಂದೆ. ಮನೆಯವರು ಹಾಗೆಯೇ ಮಾಡಿದರೆಂದು ಮುಂದೆ ತಿಳಿದು ಸಂತೋಷಪಟ್ಟೆ.

ಆ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಮಗುವಿನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಆ ಕೆರೆಯು ಆ ಆಮೆಯ ಮನೆಯೂ ಆಗಿರಲಿಲ್ಲ. ಸಹೋದ್ಯೋಗಿಗಳು ಅದೇ ತಪ್ಪನ್ನು ಮಾಡದಿರಲೆಂದು ಈ ಪಾಠವನ್ನು ಸಿದ್ಧಪಡಿಸಿದ್ದೇನೆ.

ಕಲಿಕೆಯ ಉದ್ದೇಶಗಳು

1. ನೀರಾಮೆಗೆ ನೀರಿನಷ್ಟೇ ಒಣನೆಲವೂ ಬಿಸಿಲೂ ಅಗತ್ಯವೆಂಬುದನ್ನು ಕಾರಣಸಹಿತ ವಿವರಿಸುವರು.
2. ಸಾಕಿದ ಪ್ರಾಣಿಯ ಅಗತ್ಯಗಳನ್ನು ಅದರ ಮೂಲ ವಾಸಸ್ಥಾನದಿಂದ ಊಹಿಸುವರು.
3. ಪರದೇಶದ ಪ್ರಾಣಿಯನ್ನು ಊರಿನ ಕೆರೆಗೆ ಬಿಡಬಾರದೇಕೆಂದು ತಿಳಿಯುವರು.

ವಿಷಯ ನಿರೂಪಣೆ

ಪೇಟೆಯ ಅಂಗಡಿಗಳಲ್ಲಿ ಮಾರಾಟಕ್ಕೆ ಬರುವ ಹಸಿರು ಬಣ್ಣದ ಪುಟ್ಟ ಆಮೆಯ ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುತ್ತದೆ. ಇದರ ಹೆಸರು ‘ರೆಡ್ ಇಯರ್ಡ್ ಸ್ಲೈಡರ್’. ಮೂಲ ನೆಲೆ ಅಮೆರಿಕದ ಮಿಸಿಸಿಪ್ಪಿ ನದಿಯ ಪ್ರದೇಶ. ಅಲ್ಲಿ ಇವು ನೀರಿನಿಂದ ಮೇಲಕ್ಕೆ ಚಾಚಿದ ಮರದ ದಿಮ್ಮಿಗಳನ್ನೇರಿ, ಜಾಗ ಸಾಲದಿದ್ದರೆ ಒಂದರ ಬೆನ್ನ ಮೇಲೊಂದು ಹತ್ತಿ, ಕತ್ತನ್ನೂ ಕಾಲುಗಳನ್ನೂ ಚಾಚಿ ಬಿಸಿಲು ಕಾಯಿಸುತ್ತವೆ. ಸಣ್ಣ ಸದ್ದಾದರೂ ಸರ್ರನೆ ನೀರಿಗೆ ಜಾರುತ್ತವೆ. ‘ಸ್ಲೈಡರ್’ ಎಂದರೆ ‘ಜಾರುವುದು’. ಹೀಗೆ ನೀರಿಗೆ ಜಾರುವ ಅಭ್ಯಾಸದಿಂದಲೇ ಆ ಹೆಸರು ಬಂದಿದೆ.

ಬಿಸಿಲು ಕಾಯಿಸುವುದು ಆಮೆಯ ಸೋಮಾರಿತನವಲ್ಲ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಶಾಖ. ಆಮೆಯು ಶೀತರಕ್ತ ಪ್ರಾಣಿ. ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿ ಅದಕ್ಕಿಲ್ಲ. ಮೈ ಬೆಚ್ಚಗಾದಾಗ ಮಾತ್ರ ಉಂಡ ಆಹಾರ ಸರಿಯಾಗಿ ಜೀರ್ಣವಾಗುತ್ತದೆ.

ಎರಡನೆಯದು, ಚಿಪ್ಪಿನ ಬಲ. ಚಿಪ್ಪು ಮೇಲೆ ತೊಟ್ಟ ಕವಚವಲ್ಲ. ಬೆನ್ನೆಲುಬು, ಪಕ್ಕೆಲುಬುಗಳೊಡನೆ ಬೆಸೆದುಕೊಂಡಿರುವ ಮೂಳೆ. ಬಿಸಿಲಿನ ನೇರಳಾತೀತ ಕಿರಣಗಳು ತಾಗಿದಾಗ ದೇಹದಲ್ಲಿ ವಿಟಮಿನ್ ಡಿ ಉಂಟಾಗುತ್ತದೆ. ಅದರ ನೆರವಿನಿಂದ ಕ್ಯಾಲ್ಸಿಯಂ ಮೂಳೆಗೆ ಸೇರುತ್ತದೆ. ಇದು ದೊರೆಯದ ಆಮೆಯ ಚಿಪ್ಪು ಮೆತ್ತಗಾಗುತ್ತದೆ, ಆಕಾರಗೆಡುತ್ತದೆ.

ಮೂರನೆಯದು, ಒಣಗುವಿಕೆ. ಸದಾ ತೇವದಲ್ಲಿರುವ ಚಿಪ್ಪಿನ ಮೇಲೆ ಪಾಚಿ ಬೆಳೆಯುತ್ತದೆ, ಸೋಂಕು ತಗಲುತ್ತದೆ. ದಿನವೂ ಒಣಗುವ ಚಿಪ್ಪು ಶುಚಿಯಾಗಿರುತ್ತದೆ.

ಸಾಕಿದ ಆಮೆಗೆ ಬೇಕಾದುದೇನು?

ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್, ಬಿಸಿಲು ಕಾಯಿಸುವ ತಾಣ 30ರಿಂದ 32 ಡಿಗ್ರಿ ಇರುವುದು ಒಳ್ಳೆಯದು. ಆ ತಾಣವು ಪೂರ್ತಿ ಒಣಗಿರಬೇಕು. ಅದನ್ನು ಹತ್ತಲು ಇಳಿಜಾರಿರಬೇಕು. ಸೆಕೆಯಾದಾಗ ಮರಳಲು ನೆರಳೂ ನೀರೂ ಇರಬೇಕು. ಎರಡರ ನಡುವೆ ಆಯ್ದುಕೊಳ್ಳುವ ಅವಕಾಶವೇ ಆಮೆಯ ಆರೋಗ್ಯಕ್ಕೆ ಆಧಾರ. ಕಿಟಕಿಯ ಬಳಿ ಇಟ್ಟರೆ ಸಾಲದು. ಗಾಜು ಬೆಳಕನ್ನು ಬಿಡುತ್ತದೆ. ವಿಟಮಿನ್ ಡಿಗೆ ಬೇಕಾದ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಗಾಜಿನ ಪಾತ್ರೆಯನ್ನು ನೇರ ಬಿಸಿಲಲ್ಲಿಟ್ಟರೆ ನೀರು ಕಾದು ಆಮೆ ಸಾಯಬಹುದು.

ಅಂಗೈಯಲ್ಲಿ ಹಿಡಿಸುವ ಈ ಮರಿ ಬೆಳೆದು 25 ಸೆಂಟಿಮೀಟರಿಗೂ ಮೀರಬಹುದು. 20–30 ವರ್ಷ ಬಾಳಬಹುದು. ಚಿಪ್ಪಿನ ಉದ್ದದ ಪ್ರತಿ ಸೆಂಟಿಮೀಟರಿಗೆ ಸುಮಾರು 15 ಲೀಟರ್ ನೀರೆಂಬುದು ಸಾಕುವವರ ಲೆಕ್ಕ. ಬೆಳೆದ ಆಮೆಗೆ ಎಷ್ಟು ನೀರು ಬೇಕೆಂದು ಮಕ್ಕಳೇ ಗುಣಿಸಲಿ. ಗಾಜಿನ ಬೋಗುಣಿ ಏಕೆ ಸಾಲದೆಂದು ಆ ಸಂಖ್ಯೆಯೇ ಹೇಳುತ್ತದೆ.

ಚಟುವಟಿಕೆಗಳು

1. ಒಂದು ಉಷ್ಣಮಾಪಕವನ್ನು ಬಿಸಿಲಿನ ಕಲ್ಲಿನ ಮೇಲೂ ಇನ್ನೊಂದನ್ನು ನೆರಳಿನಲ್ಲಿಟ್ಟ ಬಕೆಟ್ಟಿನ ನೀರಿನಲ್ಲೂ ಇರಿಸಿರಿ. ಬೆಳಿಗ್ಗೆ 10, ಮಧ್ಯಾಹ್ನ 12 ಮತ್ತು 2 ಗಂಟೆಗೆ ಅಳತೆಗಳನ್ನು ಕೋಷ್ಟಕದಲ್ಲಿ ಬರೆಯಿಸಿರಿ. ಆಮೆಯು ಯಾವ ಹೊತ್ತಿಗೆ ಎಲ್ಲಿರಲು ಬಯಸೀತೆಂದು ಚರ್ಚಿಸಿರಿ.

2. ಗಡಿನಾಡಿನ ನಮ್ಮ ಮಕ್ಕಳಿಗೆ ನೆರೆಭಾಷೆಯೂ ಕಿವಿಗೆ ಪರಿಚಿತ. ಕನ್ನಡದ ‘ಆಮೆ’ ಮಲಯಾಳದಲ್ಲಿ ‘ಆಮ’, ತಮಿಳಿನಲ್ಲಿ ‘ಆಮೈ’. ತೆಲುಗಿನಲ್ಲಿ ‘ತಾಬೇಲು’, ಮರಾಠಿಯಲ್ಲಿ ‘ಕಾಸವ’. ಇವುಗಳಲ್ಲಿ ಯಾವುವು ಒಂದೇ ಬೇರಿನವೆಂದು ಮಕ್ಕಳು ಗುರುತಿಸಲಿ. ‘ಕೂರ್ಮ’, ‘ಕಚ್ಛಪ’, ‘ಕಮಠ’ ಎಂಬ ಸಂಸ್ಕೃತ ಪದಗಳನ್ನೂ ಪರಿಚಯಿಸಿರಿ.

ಶಿಕ್ಷಕರ ಗಮನಕ್ಕೆ

ಆಮೆಯನ್ನು ತರಗತಿಗೆ ತರಿಸಬೇಡಿರಿ. ಅದರ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅಮೆರಿಕವು 1975ರಲ್ಲಿಯೇ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಲು ಇದೇ ಕಾರಣ. ಮನೆಯಲ್ಲಿ ಆಮೆಯನ್ನು ಮುಟ್ಟಿದವರು ಸಾಬೂನಿನಿಂದ ಕೈ ತೊಳೆಯಬೇಕು. ನಮ್ಮ ಕೆರೆತೊರೆಗಳ ಆಮೆಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಕೆಂಪು ಪಟ್ಟೆಯ ಆಮೆಯನ್ನು ಕೆರೆಗೆ ಬಿಡಲೇಬಾರದು. ಅದು ಊರಿನ ಆಮೆಗಳ ಆಹಾರವನ್ನೂ ಅವು ಬಿಸಿಲು ಕಾಯಿಸುವ ಬಂಡೆಯನ್ನೂ ಕಸಿದುಕೊಳ್ಳುತ್ತದೆ. ತ್ರಿಶೂರಿನ ಜಲಮೂಲಗಳಲ್ಲಿ ಇದು ಕಾಣಿಸಿಕೊಂಡ ಬಳಿಕ, ಸಾಕಿದವರು ಇದನ್ನು ತನಗೊಪ್ಪಿಸಬೇಕೆಂದು ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯು ಕೋರಿತು. ಸಾಕಲಾಗದವರು ಪಶುವೈದ್ಯರನ್ನೋ ಅರಣ್ಯ ಇಲಾಖೆಯನ್ನೋ ಕೇಳಲಿ. ಈಗಾಗಲೇ ಆಮೆ ಸಾಕಿರುವ ಮಗುವನ್ನು ತರಗತಿಯಲ್ಲಿ ತಪ್ಪಿತಸ್ಥನಂತೆ ನಿಲ್ಲಿಸಬೇಡಿರಿ. ಪ್ರೀತಿಯಿಂದಲೇ ತಂದಿರುತ್ತದೆ, ತಿಳಿವಳಿಕೆಯನ್ನು ಕೊಡಬೇಕಾದವರು ನಾವು.

ಮೌಲ್ಯಮಾಪನ

1. ಆಮೆಯು ಬಿಸಿಲು ಕಾಯಿಸುವುದಕ್ಕೆ ಮೂರು ಕಾರಣಗಳನ್ನು ಬರೆಯಿರಿ.
2. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಆಮೆಗೆ ಏಕೆ ಸಾಲದು?
3. ನೀರು, ಒಣನೆಲ, ನೆರಳು, ಇಳಿಜಾರು ನಾಲ್ಕೂ ಇರುವಂತೆ ಆಮೆಯ ಮನೆಯ ಚಿತ್ರ ಬರೆದು ಹೆಸರಿಸಿರಿ.
4. ನಿಮ್ಮ ಗೆಳತಿಯ ಮನೆಯ ಆಮೆ ಹಗಲೆಲ್ಲ ಗಾಜನ್ನು ಕೆರೆಯುತ್ತಿದೆ. ಅವಳಿಗೆ ಐದು ವಾಕ್ಯಗಳ ಪತ್ರ ಬರೆಯಿರಿ.

ನಾಲ್ಕನೆಯ ಪ್ರಶ್ನೆಗೆ ಮಕ್ಕಳು ಬರೆಯುವ ಉತ್ತರಗಳನ್ನು ನಾನು ವಿಶೇಷ ಆಸಕ್ತಿಯಿಂದ ಓದುತ್ತೇನೆ. ಆ ದಿನ ನಾನು ಹೇಳಬೇಕಾಗಿದ್ದ ಮಾತು ಅವುಗಳಲ್ಲಿರುತ್ತದೆ.