ಅಕ್ಷಿಪಟದ ಚಿತ್ರ: ಮಧುಮೇಹಿಗಳು ತಿಳಿದಿರಬೇಕಾದ ಒಂದು ಪರೀಕ್ಷೆ

ಶರೀರದ ಒಳಗಣ ಅಂಗವೊಂದರ ರಕ್ತನಾಳಗಳನ್ನು ಕೊಯ್ಯದೆ, ಚುಚ್ಚದೆ ನೇರವಾಗಿ ಕಾಣಲು ಸಾಧ್ಯವಿರುವ ಅಪರೂಪದ ಸ್ಥಳ ಕಣ್ಣು. ಪಾಪೆಯ ಮೂಲಕ ಬೆಳಕು ಹಾಯಿಸಿದರೆ ಹಿಂಭಾಗದಲ್ಲಿ ಹರಡಿರುವ ಅಕ್ಷಿಪಟವೂ ಅದರ ಮೇಲೆ ಮರದ ರೆಂಬೆಗಳಂತೆ ಕವಲೊಡೆದ ನಾಳಗಳೂ ಗೋಚರಿಸುತ್ತವೆ. 1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇದಕ್ಕಾಗಿ ಆಫ್ತಲ್ಮೋಸ್ಕೋಪ್ ಎಂಬ ಉಪಕರಣವನ್ನು ವೈದ್ಯಲೋಕಕ್ಕೆ ಪರಿಚಯಿಸಿದನು. ಅಂದು ವೈದ್ಯನೊಬ್ಬನೇ ಇಣುಕಿ ನೋಡುತ್ತಿದ್ದುದನ್ನು ಇಂದು ಕ್ಯಾಮೆರಾ ಚಿತ್ರವಾಗಿ ಉಳಿಸಿಕೊಡುತ್ತದೆ.

ಈ ಚಿತ್ರದ ಮಹತ್ವವನ್ನು ಮಧುಮೇಹಿಗಳು ವಿಶೇಷವಾಗಿ ಅರಿಯಬೇಕು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಸಕ್ಕರೆ ಕಾಯಿಲೆ ಇಲ್ಲದ ಮನೆತನವೇ ವಿರಳವೆನ್ನುವ ಕಾಲವಿದು.

ಚಿತ್ರದಲ್ಲಿ ಕಾಣುವುದೇನು?

ಸಕ್ಕರೆಯ ಅಂಶ ಹೆಚ್ಚಿರುವ ರಕ್ತವು ವರ್ಷಗಟ್ಟಲೆ ಹರಿದಾಗ ಅತಿ ಸೂಕ್ಷ್ಮವಾದ ಲೋಮನಾಳಗಳ ಗೋಡೆ ಬಲ ಕುಂದುತ್ತದೆ. ಅಲ್ಲಲ್ಲಿ ಸಣ್ಣ ಉಬ್ಬುಗಳೇಳುತ್ತವೆ. ಚಿತ್ರದಲ್ಲಿ ಇವು ಸೂಜಿಮೊನೆಯಂತಹ ಕೆಂಪು ಚುಕ್ಕೆಗಳು. ನಾಳ ಸೋರಿದಲ್ಲಿ ರಕ್ತದ ಕಲೆಗಳೂ ಕೊಬ್ಬಿನ ಹಳದಿ ಕಣಗಳೂ ಕಾಣುತ್ತವೆ. ನಾಳ ಮುಚ್ಚಿದಲ್ಲಿ ಅರಳೆಯಂತಹ ಬಿಳಿಯ ಮಚ್ಚೆಗಳು ಮೂಡುತ್ತವೆ. ರಕ್ತ ದೊರೆಯದ ಅಕ್ಷಿಪಟವು ಹೊಸ ನಾಳಗಳನ್ನು ಬೆಳೆಸತೊಡಗುತ್ತದೆ. ಇವು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತವೆ. ಬಲಹೀನವಾದ ಈ ನಾಳಗಳು ಒಡೆದರೆ ಕಣ್ಣಿನೊಳಗೆ ರಕ್ತ ತುಂಬುತ್ತದೆ. ಅವುಗಳೊಡನೆ ಬೆಳೆದ ಪೊರೆ ಅಕ್ಷಿಪಟವನ್ನು ಎಳೆದು ಕಳಚಲೂಬಹುದು.

ಇಷ್ಟೆಲ್ಲ ನಡೆಯುತ್ತಿದ್ದರೂ ನೋವಿಲ್ಲ. ಅಕ್ಷಿಪಟದ ನಡುವಣ ಸೂಕ್ಷ್ಮದೃಷ್ಟಿಯ ಭಾಗಕ್ಕೆ ಹಾನಿ ತಟ್ಟುವವರೆಗೆ ರೋಗಿ ಪತ್ರಿಕೆಯನ್ನು ಸಲೀಸಾಗಿ ಓದುತ್ತಿರಬಹುದು. ಆದುದರಿಂದ ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ ಕನ್ನಡಕ ಕೊಡುವ ಪರೀಕ್ಷೆಯು ಅಕ್ಷಿಪಟದ ಪರೀಕ್ಷೆಯಾಗಲಾರದು.

ಚಿತ್ರ ತೆಗೆಯುವ ವಿಧಾನಗಳು

ಮೊದಲನೆಯದು ಸಾಧಾರಣ ವರ್ಣಚಿತ್ರ. ಕೆಲವೇ ನಿಮಿಷಗಳ ಕೆಲಸ. ಎರಡನೆಯದರಲ್ಲಿ ಫ್ಲೋರೆಸಿನ್ ಎಂಬ ಬಣ್ಣವನ್ನು ತೋಳಿನ ರಕ್ತನಾಳಕ್ಕೆ ಚುಚ್ಚುತ್ತಾರೆ. ಕೆಲವು ಸೆಕೆಂಡುಗಳಲ್ಲಿ ಅದು ಕಣ್ಣನ್ನು ತಲಪಿ ನೀಲಿ ಬೆಳಕಿನಲ್ಲಿ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಸೋರುವ ನಾಳ ಯಾವುದು, ಮುಚ್ಚಿದ ನಾಳ ಯಾವುದು ಎಂಬುದು ಸ್ಪಷ್ಟವಾಗುತ್ತದೆ. 1961ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ನೊವೊಟ್ನಿ ಮತ್ತು ಆಲ್ವಿಸ್ ಅಮೆರಿಕದ ಇಂಡಿಯಾನ ವಿಶ್ವವಿದ್ಯಾಲಯದಲ್ಲಿ ಇನ್ನೂ ವೈದ್ಯ ವಿದ್ಯಾರ್ಥಿಗಳಾಗಿದ್ದಾಗಲೇ ಈ ಪ್ರಯೋಗ ನಡೆಸಿದ್ದರೆಂಬುದು ಇಂದಿನ ವಿದ್ಯಾರ್ಥಿಗಳಿಗೆ ಸ್ಫೂರ್ತಿದಾಯಕ. ಮೂರನೆಯದು 1991ರಲ್ಲಿ ಪ್ರಕಟವಾದ ಓ.ಸಿ.ಟಿ. ವಿಧಾನ. ಇದು ಬೆಳಕಿನ ಸಹಾಯದಿಂದಲೇ ಅಕ್ಷಿಪಟದ ಪದರಗಳನ್ನು ಬಿಡಿಬಿಡಿಯಾಗಿ ತೋರಿಸಿ ಎಲ್ಲಿ ನೀರು ತುಂಬಿ ಊದಿಕೊಂಡಿದೆಯೆಂದು ತಿಳಿಸುತ್ತದೆ.

ಚಿತ್ರಗಳನ್ನು ಓದಬಲ್ಲ ತಜ್ಞರು ಎಲ್ಲೆಡೆ ಇಲ್ಲ. ಈ ಕೊರತೆ ನೀಗಲು ಕಂಪ್ಯೂಟರಿಗೆ ಚಿತ್ರ ಓದುವುದನ್ನು ಕಲಿಸುವ ಯತ್ನ ನಡೆದಿದೆ. 2016ರಲ್ಲಿ ಪ್ರಕಟವಾದ ಗೂಗಲ್ ಸಂಶೋಧಕರ ಅಧ್ಯಯನದಲ್ಲಿ 1,28,175 ಚಿತ್ರಗಳಿಂದ ಹೀಗೆ ಕಲಿಸಲಾಯಿತು. ಚಿತ್ರಗಳನ್ನು ಒದಗಿಸಿದವರಲ್ಲಿ ಅರವಿಂದ ಕಣ್ಣಾಸ್ಪತ್ರೆ, ಶಂಕರ ನೇತ್ರಾಲಯಗಳೊಡನೆ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಇದ್ದುದು ಗಮನಾರ್ಹ.

ನಾವು ಮಾಡಬೇಕಾದುದು

ಹೆಚ್ಚಿನವರಲ್ಲಿ ಕಾಣುವ, ನಡುವಯಸ್ಸಿನ ನಂತರದ ಮಧುಮೇಹವು ಪತ್ತೆಯಾದ ಕೂಡಲೇ ಅಕ್ಷಿಪಟದ ಪರೀಕ್ಷೆ ಆಗಬೇಕು. ಅನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಚಿಕ್ಕ ವಯಸ್ಸಿನಲ್ಲೇ ಇನ್ಸುಲಿನ್ ಬೇಕಾಗುವವರಿಗೆ ಐದು ವರ್ಷಗಳೊಳಗೆ ಪರೀಕ್ಷೆ ಆರಂಭಿಸುವುದು ವಾಡಿಕೆ. ಮೊದಲೇ ಮಧುಮೇಹವಿರುವ ಗರ್ಭಿಣಿಯರು ಮೊದಲ ಮೂರು ತಿಂಗಳೊಳಗೇ ತೋರಿಸಿಕೊಳ್ಳಬೇಕು. ಪಾಪೆ ಅಗಲವಾಗಲು ಔಷಧಿ ಹನಿಸಿದರೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ವಾಹನ ನಡೆಸದೆ ಜತೆಗೊಬ್ಬರನ್ನು ಕರೆದೊಯ್ಯುವುದು ಲೇಸು. ಹಳೆಯ ಚಿತ್ರಗಳನ್ನು ಜೋಪಾನವಾಗಿಡಿ. ಹೋಲಿಸಿದಾಗಲೇ ರೋಗದ ಗತಿ ತಿಳಿಯುವುದು.

ಕಣ್ಣಿನ ಪೊರೆಯಿಂದ ಮಂಜಾದ ದೃಷ್ಟಿ ಶಸ್ತ್ರಚಿಕಿತ್ಸೆಯಿಂದ ಮರಳುತ್ತದೆ. ಅಕ್ಷಿಪಟದ ವಿಷಯ ಹಾಗಲ್ಲ. ಇಲ್ಲಿ ನಶಿಸಿದ ಭಾಗವು ಮತ್ತೆ ಚಿಗುರದು. ಆದರೆ ಸಕಾಲದಲ್ಲಿ ತಿಳಿದರೆ ಉಪಾಯವುಂಟು. ಮುಂದುವರಿದ ರೋಗದಲ್ಲೂ ಲೇಸರ್ ಚಿಕಿತ್ಸೆಯು ತೀವ್ರ ದೃಷ್ಟಿನಾಶದ ಸಂಭವವನ್ನು ಅರ್ಧದಷ್ಟಾದರೂ ತಗ್ಗಿಸುವುದೆಂದು ಅಮೆರಿಕದ ಅಧ್ಯಯನವೊಂದು 1976ರಲ್ಲೇ ತೋರಿಸಿತು. ಈಗ ಕಣ್ಣಿನೊಳಗೆ ನೀಡುವ ಚುಚ್ಚುಮದ್ದುಗಳೂ ಇವೆ. ಇವೆಲ್ಲದರ ಜತೆಗೆ ಸಕ್ಕರೆ ಮತ್ತು ರಕ್ತದೊತ್ತಡಗಳು ಹತೋಟಿಯಲ್ಲಿರಲೇಬೇಕು.

ಸುವರ್ಣ ಮಹೋತ್ಸವದ ಈ ಹೊತ್ತಿಗೆ ನಮ್ಮ ಶಾಲೆಯ ಮೊದಲ ವರ್ಷಗಳ ವಿದ್ಯಾರ್ಥಿಗಳು ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರ ತಂದೆತಾಯಿಗಳು ಇನ್ನೂ ಹಿರಿಯರು. ಮಧುಮೇಹವಿರುವ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರ ಅಕ್ಷಿಪಟವನ್ನು ಕೊನೆಯ ಬಾರಿ ಪರೀಕ್ಷಿಸಿದುದು ಯಾವಾಗ ಎಂದು ಇಂದೇ ಕೇಳಿರಿ. ಉತ್ತರ ದೊರೆಯದಿದ್ದರೆ ಮುಂದಿನ ವಾರವೇ ಅವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ. ಕಣ್ಣು ಚೆನ್ನಾಗಿ ಕಾಣುತ್ತಿರುವಾಗಲೇ ಮಾಡಿಸಬೇಕಾದ ಪರೀಕ್ಷೆಯಿದು.