ಪರವಾನಗಿ ಇಲ್ಲದ ಮನೆಯ ಬಾಡಿಗೆದಾರರು

ವಿಶಾಖಪಟ್ಟಣದ ಸಿಂಹಾಚಲಂ ಬೆಟ್ಟದ ಬುಡದ ಅಡವಿವರಂನಲ್ಲಿ ನಮ್ಮ ಮಾವನವರು ಕಟ್ಟಿಸಿದ ಮನೆಯಿದೆ. ನಮ್ಮೂರೂ ಸೇರಿ ಐದು ಹಳ್ಳಿಗಳ ಜಾಗ ಬೆಟ್ಟದ ಮೇಲಿನ ದೇವಸ್ಥಾನದ್ದೋ ಅಲ್ಲಿ ವಾಸವಿರುವವರದ್ದೋ ಎಂಬ ಪಂಚಗ್ರಾಮಗಳ ಭೂವಿವಾದ ದಶಕಗಳಿಂದ ಬಗೆಹರಿದಿಲ್ಲ. ಇಲ್ಲಿ ರಿಜಿಸ್ಟ್ರೇಷನ್ನೂ ಕಷ್ಟ, ಪ್ಲಾನ್ ಮಂಜೂರಾತಿಯೂ ಕಷ್ಟ. ನಮ್ಮ ಮೇಲಂತಸ್ತಿಗೂ ಪರವಾನಗಿ ಇರಲಿಲ್ಲ, ಬಾಡಿಗೆಗೆ ಜನ ಇದ್ದರು. 2025ರ ಏಪ್ರಿಲ್ 30ರಂದು ದೇವಸ್ಥಾನದ ಚಂದನೋತ್ಸವದ ನಸುಕಿನಲ್ಲಿ, ಬೆಟ್ಟದ ಮೇಲೆ ಮಳೆಗೆ ಹೊಸ ಗೋಡೆ ಕುಸಿದು 7 ಭಕ್ತರು ಸತ್ತರು. ಆಮೇಲೆ ನಮ್ಮ ಮೇಲಂತಸ್ತಿನ ಬಿರುಕು ನೋಡಿಕೊಂಡು ಸುಮ್ಮನಿರಲಾಗಲಿಲ್ಲ. ಮನೆ ಖಾಲಿ ಮಾಡಿಸಲು ತೀರ್ಮಾನಿಸಿದೆ.

“ಪರ್ಮಿಷನ್ ಇಲ್ಲ, ಅಗ್ರಿಮೆಂಟೂ ಇಲ್ಲ. ಫ್ಯೂಸ್ ಕಿತ್ತರೆ ತಾವೇ ಹೋಗ್ತಾರೆ” ಅಂದರು ಪಕ್ಕದವರು. ವಕೀಲರು ಒಪ್ಪಲಿಲ್ಲ. ಪರವಾನಗಿಯ ವಿಷಯ ಮಾಲೀಕರಿಗೂ ಪಾಲಿಕೆಗೂ ಸೇರಿದ್ದು. ಬಾಡಿಗೆ ತೆಗೆದುಕೊಂಡ ಮೇಲೆ ಒಳಗಿರುವವರು ಬಾಡಿಗೆದಾರರೇ. ತಿಂಗಳ ಬಾಡಿಗೆಗೆ ಬರಹದ ಕರಾರು ಇಲ್ಲದಿದ್ದರೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ಸಹಿ ಮಾಡಿದ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಆಮೇಲೂ ಬಿಡದಿದ್ದರೆ ಕೋರ್ಟಿಗೆ ಹೋಗಬೇಕೇ ಹೊರತು ಬೀಗ ಜಡಿಯುವಂತಿಲ್ಲ. ಬಲವಂತವಾಗಿ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ 6 ತಿಂಗಳೊಳಗೆ ದಾವೆ ಹೂಡಿ ಅವರು ಸ್ವಾಧೀನ ಮರಳಿ ಕೇಳಬಹುದು. ಜಾಗ ಯಾರದೆಂಬ ವಿಚಾರಣೆ ಅಲ್ಲಿ ನಡೆಯುವುದೇ ಇಲ್ಲ. ಅನಧಿಕೃತ ಕಟ್ಟಡ ಕೆಡವಲು ಸರ್ಕಾರವೇ ಹೊರಟರೂ 15 ದಿನ ಮೊದಲು ನೋಟಿಸ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿತು. ಹಾಗಿರುವಾಗ ಫ್ಯೂಸ್ ಕೀಳಲು ನಾನ್ಯಾರು?

ನೋಟಿಸನ್ನು ಅಂಚೆಗೆ ಹಾಕಿ, ಇನ್ನೊಂದು ಪ್ರತಿಯನ್ನು ಕೈಯಲ್ಲೇ ಕೊಟ್ಟೆ. ಬಾಡಿಗೆಗಿದ್ದಾಕೆ ಶ್ರೀಕಾಕುಳಂ ಕಡೆಯವರು. “ಸ್ಕೂಲ್ ಶುರುವಾಗೋದರೊಳಗೆ ಗೋಪಾಲಪಟ್ನಂನಲ್ಲಿ ಮನೆ ನೋಡ್ಕೋತೀವಮ್ಮಾ, ಅಲ್ಲೀವರೆಗೆ ಬಿಡಿ” ಅಂದರು. 15 ದಿನ ಎಂಬುದು ಕಾನೂನು ಹೇಳುವ ಕನಿಷ್ಠ ಗಡುವು. ಅದಕ್ಕಿಂತ ಹೆಚ್ಚು ಕೊಡಬೇಡಿ ಎಂದು ಯಾವ ಕಾಯ್ದೆಯೂ ಹೇಳಿಲ್ಲ. ಜೂನ್‌ವರೆಗೆ ಒಪ್ಪಿಕೊಂಡೆ. ಬಿರುಕು ಬಿಟ್ಟ ಕೋಣೆಯನ್ನು ಮಾತ್ರ ಅಂದೇ ತೆರವು ಮಾಡಿಸಿ, ಸಾಮಾನನ್ನು ಕೆಳಗಿನ ನಮ್ಮ ಹಾಲ್‌ನಲ್ಲಿ ಇಡಿಸಿದೆ.

ಹೊರಡುವ ದಿನ ಇಬ್ಬರೂ ಮೀಟರ್ ಮುಂದೆ ನಿಂತು ರೀಡಿಂಗ್ ಬರೆದುಕೊಂಡೆವು. ಕರೆಂಟ್ ಬಿಲ್ ಕಳೆದು ಉಳಿದ ಅಡ್ವಾನ್ಸನ್ನು ಅವರ ಖಾತೆಗೆ ಹಾಕಿದೆ. ಬೀಗದ ಕೈ ಒಪ್ಪಿಸಿದ್ದಕ್ಕೂ ದುಡ್ಡು ಸಂದಿದ್ದಕ್ಕೂ ಒಂದೇ ಹಾಳೆಯಲ್ಲಿ ಇಬ್ಬರ ಸಹಿ ಬಿತ್ತು.

ಈ ಊರಿನಲ್ಲಿ ನಮ್ಮಂಥ ಮನೆಗಳು ಬಹಳ. ಮಾಲೀಕರಿಗೆ ನಾನು ಹೇಳುವುದಿಷ್ಟು: ಬಾಡಿಗೆ ವಸೂಲಿ ಮಾಡುವಾಗ ಅಡ್ಡಬಾರದ ಪರವಾನಗಿಯ ಕೊರತೆಯನ್ನು ಬಿಡಿಸುವಾಗ ನೆಪ ಮಾಡಬೇಡಿ. ನೋಟಿಸ್ ಕೊಡಿ, ಸಮಯ ಕೊಡಿ, ಬಾಕಿ ಕಳೆದು ಉಳಿದ ಅಡ್ವಾನ್ಸ್ ಪೂರ್ತಿ ಹಿಂದಿರುಗಿಸಿ.