ಆಕ್ಸಲ್ ಬೂಟು ಹರಿದಿದೆಯೇ? ಅಂಗಳದಲ್ಲೇ ಬದಲಿಸಿ

ತಿಪಟೂರು ಸೀಮೆಯಲ್ಲಿ ಅಟ್ಟದ ಮೇಲಿನ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಗಿಟುಕು ಲೊಡಲೊಡ ಅಂದರೆ ಮನೆಯವರ ಮುಖ ಅರಳುತ್ತದೆ. ವರ್ಷ ಕಾದದ್ದಕ್ಕೆ ಉಂಡೆ ಕೊಬ್ಬರಿ ಕೈಗೆ ಬಂತು ಅಂತ. ಅದೇ ಮನೆಯ ಕಾರು ತೋಟದ ತಿರುವಿನಲ್ಲಿ ಕಟಕಟ ಅಂದರೆ ಮಾತ್ರ ಕೊಬ್ಬರಿ ದುಡ್ಡಿಗೆ ಖರ್ಚು ಬಂತು ಅಂತಲೇ ಲೆಕ್ಕ. ಆದರೆ ಕಾಯಿಗೂ ಆಕ್ಸಲಿಗೂ ಗಂಡಾಂತರ ಒಂದೇ: ಹೊರಗಿನ ಹೊದಿಕೆ ಬಿರಿಯುವುದು. ಚಿಪ್ಪು ಬಿರಿದ ಕಾಯಿ ಅಟ್ಟದಲ್ಲೇ ಕೊಳೆಯುತ್ತದೆ, ಬೂಟು ಹರಿದ ಆಕ್ಸಲ್ ದಾರಿಯಲ್ಲೇ ಸವೆಯುತ್ತದೆ.

ಅಂಬಾಸಿಡರ್ ಓಡಿಸಿದ ಹಿರಿಯರಿಗೆ ಈ ರಗಳೆ ಇರಲಿಲ್ಲ. ಅದರಲ್ಲಿ ಗಾಡಿಯನ್ನು ತಳ್ಳುವುದು ಹಿಂದಿನ ಚಕ್ರ. 1983ರಲ್ಲಿ ಮಾರುತಿ 800 ಬಂತು. ಅಲ್ಲಿಂದಾಚೆಗೆ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರವೇ ಎಳೆಯಬೇಕು, ಅದೇ ತಿರುಗಲೂ ಬೇಕು. ಅದಕ್ಕಾಗಿ ಚಕ್ರದ ಕಡೆ ಆರು ಗುಂಡುಗಳ ಜಾಯಿಂಟ್, ಬಹುತೇಕ ಗಾಡಿಗಳಲ್ಲಿ ಗೇರ್‌ಬಾಕ್ಸ್ ಕಡೆ ಮೂರು ಉರುಳೆಗಳ ಜಾಯಿಂಟ್. ಎರಡರೊಳಗೂ ಗ್ರೀಸ್, ಎರಡಕ್ಕೂ ಮಡಿಕೆ ಮಡಿಕೆಯ ರಬ್ಬರ್ ಬೂಟು. ತುರುವೇಕೆರೆ ಕಡೆಯ ತೋಟದ ದಾರಿಯಲ್ಲಿ ಒಣಗಿದ ಹೆಡೆಮಟ್ಟೆಯ ಅಂಚು, ಕರಟದ ಚೂರು ಬೂಟಿಗೆ ತಗುಲದೆ ಇರುವುದಿಲ್ಲ. ಚಿಕ್ಕನಾಯಕನಹಳ್ಳಿಯ ಗಣಿ ದಾರಿಯ ಕೆಂಧೂಳು ಆ ಗ್ರೀಸಿಗೆ ಕಲೆತರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ.

ಹಂತ 1: ನೋಡಿ. ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಗಾಡಿ ಆಫ್ ಮಾಡಿ, ಟಾರ್ಚ್ ಹಿಡಿದು ಚಕ್ರದ ಹಿಂದೆ ಇಣುಕಿ. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದ್ದರೆ ಬೂಟು ಹರಿದಿದೆ. ಸದ್ದಿಲ್ಲದಿದ್ದರೆ ಬೂಟು ಬದಲಿಸಿದರೆ ಸಾಕು. ತಿರುವಿನಲ್ಲಿ ಆಗಲೇ ಕಟಕಟ ಶುರುವಾಗಿದ್ದರೆ ಜಾಯಿಂಟೇ ಸವೆದಿದೆ. ಹೊಸ ಬೂಟು ಹಾಕಿ ಅದನ್ನು ಉಳಿಸುತ್ತೇನೆ ಅನ್ನುವುದು ಸತ್ತ ಎಮ್ಮೆಗೆ ಹುಲ್ಲು ಹಾಕಿದಂತೆ.

ಹಂತ 2: ಸಾಮಾನು ತನ್ನಿ. ಅಂಗಡಿಯಲ್ಲಿ ಗಾಡಿಯ ಮಾಡೆಲ್, ಇಸವಿ, ಎಡವೋ ಬಲವೋ ಹೇಳಿ. ಕಿಟ್‌ನಲ್ಲಿ ಬೂಟು, ಕ್ಲಾಂಪು, ಗ್ರೀಸ್ ಪೊಟ್ಟಣ ಇರಬೇಕು. ಜೊತೆಗೆ ಹೊಸ ಹಬ್ ನಟ್ ಮತ್ತು ಸರ್ಕ್ಲಿಪ್ ಕೊಳ್ಳಿ. ಒಳಗಿನ ಬೂಟನ್ನೂ ಕೊಂಡುಬಿಡಿ, ಕಾರಣ ಮುಂದೆ ಗೊತ್ತಾಗುತ್ತದೆ. ಹಬ್ ನಟ್ಟಿನ ಅಳತೆಯ ಸಾಕೆಟ್, ಉದ್ದನೆಯ ಹಿಡಿ, ಸರ್ಕ್ಲಿಪ್ ಪ್ಲಯರ್, ಮರದ ಕೊಡತಿ, ಟಾರ್ಕ್ ವ್ರೆಂಚ್ ಬೇಕು. ಇಲ್ಲದ್ದನ್ನು ಎರವಲು ತರಬಹುದು.

ಹಂತ 3: ಜಾಗ. ಸಿಮೆಂಟು ಹಾಕಿದ ಸಮತಟ್ಟು ಅಂಗಳ ಒಳ್ಳೆಯದು. ತೋಟದ ನೆರಳು ತಂಪು ಅಂತ ತೆಂಗಿನ ಮರದ ಕೆಳಗೆ ಮಾತ್ರ ಬೇಡ. ಬಗ್ಗಿ ಕೆಲಸ ಮಾಡುವವನ ಬೆನ್ನಿಗೆ ಕಾಯಿ ಬಿದ್ದರೆ ಆ ಬೂಟು ಅಲ್ಲೇ ಉಳಿಯುತ್ತದೆ. ಜಾಕ್ ಇರುವುದು ಎತ್ತಲಿಕ್ಕೆ, ಹೊರಲಿಕ್ಕಲ್ಲ. ಭಾರ ಕೂರಬೇಕಾದದ್ದು ಕಬ್ಬಿಣದ ಸ್ಟ್ಯಾಂಡಿನ ಮೇಲೆ. ತೆಂಗಿನ ತುಂಡು, ಸಿಮೆಂಟ್ ಇಟ್ಟಿಗೆ ನಂಬಬೇಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ.

ಹಂತ 4: ಚಕ್ರ ನೆಲದ ಮೇಲಿರುವಾಗಲೇ ಹಬ್ ನಟ್ ಸಡಿಲಿಸಿ. ಒಬ್ಬರು ಬ್ರೇಕ್ ಒತ್ತಿಕೊಂಡಿರಲಿ. ನಟ್ಟಿನ ಬಡಿದ ಅಂಚನ್ನು ಮೊದಲು ಎತ್ತಿ, ಅಥವಾ ಪಿನ್ ಇದ್ದರೆ ಕೀಳಿ. ಇಡೀ ಕೆಲಸದಲ್ಲಿ ಬೆವರಿಳಿಸುವುದು ಇದೊಂದೇ. ಚಕ್ರದ ನಟ್ಟುಗಳನ್ನೂ ಒಂದೊಂದು ಸುತ್ತು ಬಿಡಿಸಿ, ಆಮೇಲೆ ಗಾಡಿ ಎತ್ತಿ, ಸ್ಟ್ಯಾಂಡ್ ಇಟ್ಟು, ಚಕ್ರ ತೆಗೆಯಿರಿ.

ಹಂತ 5: ಲೋಯರ್ ಆರ್ಮಿನ ಬಾಲ್ ಜಾಯಿಂಟ್ ಬಿಡಿಸಿ. ಹಬ್ ಹೊರಗೆ ವಾಲುತ್ತದೆ, ಬ್ರೇಕ್ ಪೈಪ್ ಜಗ್ಗದಂತೆ ನೋಡಿಕೊಳ್ಳಿ. ನಟ್ಟನ್ನು ಶಾಫ್ಟಿನ ತುದಿಗೆ ಸಮವಾಗಿ ತಿರುಗಿಸಿಟ್ಟು ಕೊಡತಿಯಲ್ಲಿ ಬಡಿದು ಸಡಿಲಿಸಿ, ಆಮೇಲೆ ನಟ್ ತೆಗೆದು ಶಾಫ್ಟನ್ನು ಹಬ್ಬಿನಿಂದ ಬಿಡಿಸಿ. ಶಾಫ್ಟಿನ ಬರಿ ಮರೆಗೆ (ಥ್ರೆಡ್) ಸುತ್ತಿಗೆ ಬಿದ್ದರೆ ಹೊಸ ನಟ್ ಕೂರುವುದಿಲ್ಲ.

ಹಂತ 6: ಅವಸರದವರು ಕೆಡುವುದು ಇಲ್ಲಿ. ಚಕ್ರದ ಕಡೆಯ ಜಾಯಿಂಟನ್ನು ಹೊಡೆದು ಕಳಚುವುದು ವಾಡಿಕೆ. ಆದರೆ ಸುಜುಕಿ ಮೂಲದ ಹಲವು ಗಾಡಿಗಳ ಕೈಪಿಡಿ ಅದನ್ನು ಬಿಚ್ಚಬೇಡಿ ಅನ್ನುತ್ತದೆ. ಹೊರಗಿನ ಬೂಟನ್ನು ಒಳಗಿನ ತುದಿಯಿಂದಲೇ ತೂರಿಸಬೇಕು. ಹಾಗಾಗಿ ಒಳಬೂಟಿನ ದೊಡ್ಡ ಕ್ಲಾಂಪ್ ಕತ್ತರಿಸಿ, ಶಾಫ್ಟನ್ನು ಒಳ ಜಾಯಿಂಟಿನ ಬಟ್ಟಲಿನಿಂದ ಹೊರಕ್ಕೆ ಎಳೆಯಿರಿ. ಕೆಲವು ಬಟ್ಟಲುಗಳ ಬಾಯಲ್ಲಿ ತಂತಿಯ ಬಳೆ ಇರುತ್ತದೆ, ಅದನ್ನು ಮೊದಲು ತೆಗೆಯಿರಿ. ಬಟ್ಟಲು ಗೇರ್‌ಬಾಕ್ಸಿನಲ್ಲೇ ನಿಂತರೆ ಆಯಿಲ್ ಸುರಿಯದು, ಆದರೂ ಕೆಳಗೊಂದು ತಟ್ಟೆ ಇರಲಿ. ಎಳೆಯುವ ಮುಂಚೆ ಬಟ್ಟಲು, ಶಾಫ್ಟು, ಉರುಳೆಗಳನ್ನು ಹೊತ್ತ ಮುಕ್ಕಾಲಿಯಂಥ ತುಂಡು, ಈ ಮೂರಕ್ಕೂ ಬಣ್ಣದ ಗುರುತು ಹಾಕಿ. ಮೂರು ಉರುಳೆಗಳ ಸುತ್ತ ತಕ್ಷಣ ಟೇಪ್ ಸುತ್ತಿ. ಒಂದು ಸಲ ನಾನು ಸುತ್ತದೆ ಬಿಟ್ಟು, ಸೂಜಿಯಂಥ ಬೇರಿಂಗುಗಳನ್ನು ಸಂಜೆತನಕ ಮರಳಿನಲ್ಲಿ ಹೆಕ್ಕಿದ್ದೇನೆ.

ಸರ್ಕ್ಲಿಪ್ ತೆಗೆದು ಮುಕ್ಕಾಲಿ ಇಳಿಸಿದರೆ ಎರಡೂ ಬೂಟುಗಳಿಗೆ ದಾರಿ ಬಿಡುಗಡೆ. ಒಳಬೂಟು ಹೇಗೂ ಕಳಚಿರುವುದರಿಂದ ಎರಡನ್ನೂ ಹೊಸದು ಹಾಕಿ.

ಹಂತ 7: ಹಳೆ ಗ್ರೀಸನ್ನು ಪೂರ್ತಿ ತೆಗೆಯಿರಿ. ಸೀಮೆಎಣ್ಣೆಯಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಗುಂಡಿನ ಓಟದ ಜಾಗದಲ್ಲಿ ಗುಳಿ ಬಿದ್ದಿದ್ದರೆ ಜಾಯಿಂಟಿಗೆ ವಿದಾಯ ಹೇಳಿ. ಶಾಫ್ಟಿನ ಹಲ್ಲುಗಳ ಮೇಲೆ ಟೇಪ್ ಸುತ್ತಿ, ಮೊದಲು ಹೊರಬೂಟನ್ನು ಅದರ ಕ್ಲಾಂಪುಗಳ ಸಮೇತ, ಆಮೇಲೆ ಒಳಬೂಟಿನ ಸಣ್ಣ ಕ್ಲಾಂಪ್, ಕೊನೆಗೆ ಒಳಬೂಟು ತೂರಿಸಿ. ಬೂಟು ಜಾರದಿದ್ದರೆ ಯಾರಾದರೂ ಕೊಬ್ಬರಿ ಎಣ್ಣೆ ಸವರು ಅನ್ನುತ್ತಾರೆ. ತೆಂಗಿನ ಈ ಕಲ್ಪತರು ನಾಡಿನಲ್ಲಿ ಅದನ್ನು ಬೇಡ ಅನ್ನುವುದು ಕಷ್ಟ, ಆದರೂ ಬೇಡ. ಎಣ್ಣೆ ಗ್ರೀಸಿಗೆ ಸೇರುತ್ತದೆ, ರಬ್ಬರಿಗೂ ಒಗ್ಗುವುದಿಲ್ಲ, ಕ್ಲಾಂಪಿನ ಕೆಳಗೆ ಬೂಟು ಜಾರುತ್ತದೆ. ಸೋಪಿನ ನೀರು ಸಾಕು, ಅದನ್ನೂ ಒರೆಸಿಬಿಡಿ.

ಹಂತ 8: ಪೊಟ್ಟಣದ ಗ್ರೀಸನ್ನು ಗುಂಡುಗಳ ನಡುವೆ ಬೆರಳಲ್ಲಿ ಒತ್ತಿ ತುಂಬಿ, ಮಿಕ್ಕಿದ್ದನ್ನು ಬೂಟಿನೊಳಗೆ. ಎರಡು ಪೊಟ್ಟಣದ ಗ್ರೀಸಿನ ಬಣ್ಣ ಬೇರೆ ಬೇರೆ ಇದ್ದರೆ ಅದಲು ಬದಲು ಮಾಡಬೇಡಿ. ಮುಕ್ಕಾಲಿಯನ್ನು ಗುರುತಿಗೆ ಸರಿಯಾಗಿ ಕೂರಿಸಿ, ಹೊಸ ಸರ್ಕ್ಲಿಪ್ ಹಾಕಿ, ಬಟ್ಟಲಿಗೆ ಸೇರಿಸಿ. ಕ್ಲಾಂಪ್ ಬಿಗಿಯುವ ಮುಂಚೆ ಬೂಟಿನ ತುಟಿಯ ಕೆಳಗೆ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಗಾಳಿ ಬಿಡಿ. ಬೂಟು ಒಳಗೆ ಕುಗ್ಗಿಯೂ ಇರಬಾರದು, ಉಬ್ಬಿಯೂ ಇರಬಾರದು.

ಹಂತ 9: ಬಂದ ದಾರಿಯಲ್ಲೇ ಹಿಂದಕ್ಕೆ. ಬಾಲ್ ಜಾಯಿಂಟ್ ಬೋಲ್ಟು, ಹೊಸ ಹಬ್ ನಟ್, ಚಕ್ರ. ಹಬ್ ನಟ್ಟಿನ ಅಂತಿಮ ಬಿಗಿ, ಚಕ್ರ ನೆಲಕ್ಕೆ ಇಳಿದ ಮೇಲೆ, ಕೈಪಿಡಿ ಹೇಳಿದಷ್ಟೇ. ಆಮೇಲೆ ಅಂಚು ಬಡಿದು ಅಥವಾ ಪಿನ್ ಹಾಕಿ ಭದ್ರಪಡಿಸಿ. ಆಯಿಲ್ ಸುರಿದಿದ್ದರೆ ಮಟ್ಟ ನೋಡಿ ತುಂಬಿ. ನಾಲ್ಕು ಕಿಲೋಮೀಟರ್ ಸುತ್ತಿ ಬಂದು, ನಿಂತು, ಕ್ಲಾಂಪುಗಳ ಬುಡದಲ್ಲಿ ಗ್ರೀಸ್ ಕಾಣುತ್ತದೆಯೇ ನೋಡಿ.

ಮೊದಲ ಸಲಕ್ಕೆ ಅರ್ಧ ದಿನ ಹಿಡಿಯುತ್ತದೆ. ಮೊಣಕೈವರೆಗೆ ಮೆತ್ತಿದ ಆ ಕಪ್ಪು ಗ್ರೀಸ್ ಬರೀ ಸೋಪಿಗೆ ಬಗ್ಗುವುದಿಲ್ಲ. ಈಗ ತನ್ನಿ ಕೊಬ್ಬರಿ ಎಣ್ಣೆ. ಧಾರಾಳವಾಗಿ ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿ, ಆಮೇಲೆ ಸೋಪು.